ಒಂದು ಇಂಚು, ಎರಡು ಸೂತ



ಕಳೆದ ತಿಂಗಳು ಪುಣೆಯಿಂದ ಒಬ್ಬ ಕೇಳುಗರು ನಮ್ಮ ಕನ್ನಡ ವಿಭಾಗಕ್ಕೆ ಪತ್ರ ಬರೆದಿದ್ದರು. ಊರಿನ ತೋಟದಲ್ಲಿ ಅವರ ತಂದೆಯ ಕಾಲದ ಜೀಪೊಂದು ಇದೆಯಂತೆ. ಮಾರುವ ಮನಸ್ಸಿಲ್ಲ. ಆದರೆ ಇಳಿಜಾರಿನಲ್ಲಿ ಲೋ ಗೇರು ತಾನಾಗಿಯೇ ಹಾರಿ ಹೊರಬರುತ್ತದೆ. ಊರಿನ ಮೆಕ್ಯಾನಿಕ್ ನೋಡಿ, "ಟ್ರಾನ್ಸ್‌ಫರ್ ಕೇಸು ಹೋಗಿದೆ, ನೀವು ಹೇಗೂ ದೊಡ್ಡ ಪಟ್ಟಣದಲ್ಲಿದ್ದೀರಿ, ಸಾಮಾನು ಅಲ್ಲಿಂದಲೇ ತನ್ನಿ" ಎಂದಿದ್ದಾರೆ. ಏನು ತರಬೇಕು ಎಂದು ಕೇಳಿದರೆ, "ಜೀಪಿನದ್ದು ಅಂದರೆ ಕೊಡುತ್ತಾರೆ" ಅಂದರಂತೆ. ಭಾವಗೀತೆ ಕೋರಿ ಪತ್ರ ಬರೆಯುವವರ ನಡುವೆ ಇಂಥದ್ದೊಂದು ಪತ್ರ ಬಂದದ್ದು ನೋಡಿ ವಿಭಾಗದಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಜೀಪಿನದ್ದು ಅಂದರೆ ಕೊಡುತ್ತಾರೆ" ಎಂಬ ಆ ಒಂದು ಮಾತಿಗೆ ನಾನು ಕಟ್ಟಿದ ದಂಡ ನನಗೆ ಮಾತ್ರ ಗೊತ್ತು.

ನಾನು ಓದಿದ್ದು ಕನ್ನಡ ಬಿ.ಎ. ಹಳಗನ್ನಡದ ಛಂದಸ್ಸು ಬಿಡಿಸು ಎಂದರೆ ಬಿಡಿಸಿಯೇನು, ನಟ್ಟು ಬೋಲ್ಟು ಬಿಡಿಸಿದವನಲ್ಲ. ಆದರೆ ನನ್ನ ಸೋದರಮಾವ ಹೊಸನಗರ ತಾಲ್ಲೂಕಿನವರು. ಕೊಡಚಾದ್ರಿಗೆ ಜನರನ್ನು ಜೀಪಿನಲ್ಲಿ ಹತ್ತಿಸಿ ಇಳಿಸುವುದೇ ಅವರ ಜೀವನ. 1343 ಮೀಟರ್ ಎತ್ತರದ ಆ ಬೆಟ್ಟದ ದಾರಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ದಾರಿ ಎನ್ನುವುದು ಗೌರವದ ಮಾತು. ಕಲ್ಲು, ಕೊರಕಲು, ಕೆಸರು, ಒಂದು ಕಡೆ ಧರೆ, ಇನ್ನೊಂದು ಕಡೆ ಕಣಿವೆ, ಅಷ್ಟೇ.

ಒಂದು ವರ್ಷ ದಸರಾ ರಜೆಗೆ ಸ್ವಲ್ಪ ಮೊದಲು, ಆರು ಜನರನ್ನು ಕೂರಿಸಿಕೊಂಡು ಮಾವ ಬೆಟ್ಟ ಇಳಿಯುತ್ತಿದ್ದರು. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತಿತ್ತು. ಒಂದು ಕಲ್ಲಿನ ಮೇಲಿಂದ ಚಕ್ರ ಧಡಕ್ಕೆಂದು ಇಳಿದದ್ದೇ ತಡ, ಟಕ್ ಅಂತ ಒಂದು ಸದ್ದು. ಕೋಲು ನ್ಯೂಟ್ರಲ್ಲಿಗೆ ಬಂದು ನಿಂತಿದೆ! ಎಂಜಿನ್ನಿನ ಹಿಡಿತ ಪೂರ್ತಿ ತಪ್ಪಿತು. ಕಾಲಿನ ಬ್ರೇಕು ಮೊದಲೇ ನೀರು ಕುಡಿದು ಮೆತ್ತಗಾಗಿತ್ತು. ಹ್ಯಾಂಡ್‌ಬ್ರೇಕ್ ಎಳೆದರೆ ಅದೂ ಜಾರಿತು. ಮಾವ ಸ್ಟಿಯರಿಂಗ್ ತಿರುಗಿಸಿ ಗಾಡಿಯನ್ನು ಧರೆಗೆ ಒರಗಿಸಿಬಿಟ್ಟರು. ಮಡ್‌ಗಾರ್ಡು ಮಡಚಿತು, ಜನರಿಗೆ ಏನೂ ಆಗಲಿಲ್ಲ. ರಾತ್ರಿ ನನಗೆ ಫೋನು. "ಎಂತ ಮಾರಾಯ, ಇವತ್ತು ನೀನು ಊರಿಗೆ ಬರುವ ಹಾಗೆ ಆಗುತ್ತಿತ್ತು" ಅಂದರು. ಅವರ ದನಿ ನಡುಗಿದ್ದನ್ನು ಕೇಳಿದ್ದು ನಾನು ಅದೇ ಮೊದಲು.

ಆ ದಿನ ಕೈಕೊಟ್ಟದ್ದು ಎರಡು: ಗೇರು ಹಾರಿತು, ಹ್ಯಾಂಡ್‌ಬ್ರೇಕು ಜಾರಿತು. ಎರಡೂ ಬೇರೆ ಬೇರೆ ರೋಗ ಎಂದು ನಾವು ತಿಳಿದಿದ್ದೆವು. ಎರಡೂ ಒಂದೇ ಪೆಟ್ಟಿಗೆಯಿಂದ ಬಂದದ್ದು ಎಂದು ತಿಳಿಯಲು ತಿಂಗಳೊಂದು ಹಿಡಿಯಿತು.

ಹಾಗಾದರೆ ಈ ಪೆಟ್ಟಿಗೆ ಏನು? ಗೇರ್‌ಬಾಕ್ಸ್ ಎಲ್ಲ ಗಾಡಿಗೂ ಇರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗಾಡಿಯಲ್ಲಿ ಅದರ ಹಿಂದೆ ಇನ್ನೊಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಮಾತ್ರ ಕೊಡಬೇಕೋ ಮುಂದಿನದಕ್ಕೂ ಹಂಚಬೇಕೋ ಎಂಬ ತೀರ್ಮಾನ ಅಲ್ಲಿ ಆಗುತ್ತದೆ. ಅದು ಒಂದು ಕೆಲಸ. ಇನ್ನೊಂದು, ಲೋ ಹಾಕಿದಾಗ ವೇಗ ಇಳಿಸಿ ಎಳೆತ ಹೆಚ್ಚಿಸುವುದು. ಹಳೆಯ ಜೀಪಿನಲ್ಲಿ ನೆಲದಿಂದ ಮೂರು ಕೋಲು ಎದ್ದು ನಿಂತಿರುತ್ತವಲ್ಲ, ಅದರಲ್ಲಿ ಎರಡು ಈ ಪೆಟ್ಟಿಗೆಯವು.

ಲೆಕ್ಕ ಹೇಳಿದರೆ ಇದರ ಬೆಲೆ ತಿಳಿಯುತ್ತದೆ. ಹಳೆಯ ಸಿಜೆ-3ಬಿ ಜೀಪಿನ ಮೂರು ಗೇರಿನ ಟಿ-90 ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ 2.798. ಆಕ್ಸಲಿನದು 5.38. ಎರಡನ್ನೂ ಗುಣಿಸಿದರೆ ಸುಮಾರು 15. ಅಂದರೆ ಎಂಜಿನ್ 15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಲೋ ಹಾಕಿದರೆ ಅದಕ್ಕೆ 2.46 ಸೇರಿ 37 ಆಗುತ್ತದೆ. ಎಂಜಿನ್ 37 ಸುತ್ತು ಸುತ್ತಿದರೆ ಚಕ್ರ ಒಂದೇ ಸುತ್ತು. ಅದಕ್ಕೇ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಗಾಡಿ ಮುದುಕರ ಹಾಗೆ ಹೆಜ್ಜೆ ಎಣಿಸಿಕೊಂಡು ಇಳಿಯುತ್ತದೆ. ಆ 37 ಒಂದು ಕ್ಷಣದಲ್ಲಿ ಸೊನ್ನೆಯಾದರೆ ಏನಾಗುತ್ತದೆ ಎನ್ನುವುದನ್ನು ಮಾವ ಕಂಡರು.

ಮಾವನ ಮೆಕ್ಯಾನಿಕ್ ಪೆಟ್ಟಿಗೆ ಬಿಚ್ಚಿ ನೋಡಿ, ನಡುವಿನ ಶಾಫ್ಟು ಸವೆದಿದೆ, ಅದರ ಗೇರು, ಸೂಜಿ ಬೇರಿಂಗು, ವಾಷರು, ಸೀಲು ಎಲ್ಲ ಬೇಕು ಎಂದರು. "ಒಂದೂಕಾಲು ಇಂಚಿನ ಶಾಫ್ಟು, ಮರೆಯಬೇಡ" ಎಂದು ಮಾವ ಫೋನಿನಲ್ಲಿ ಹೇಳಿದರು. ನಾನು ಇಲ್ಲಿ ಮುಂಬೈಯ ಹಳೆಯ ಸಾಮಾನಿನ ಬೀದಿಗೆ ಹೋದೆ. ಅಂಗಡಿಯವರು ಹಿಂದಿಯಲ್ಲಿ, "ಏಕ್ ಇಂಚ್ ಏಕ್ ಸೂತ್?" ಎಂದು ಕೇಳಿದರು. ಒಂದು ಇಂಚು ಮತ್ತು ಸ್ವಲ್ಪ, ಒಂದೂಕಾಲು ಎಂದರೆ ಅದೇ ಇರಬೇಕು ಎಂದುಕೊಂಡು ತಲೆ ಆಡಿಸಿದೆ. ಭಾಷೆ ಓದಿದವನ ಅಹಂಕಾರ, ಇನ್ನೊಮ್ಮೆ ಕೇಳಲು ಬಿಡಲಿಲ್ಲ. ಸೂತ ಎಂದರೆ ನೂಲು ಎಂದು ಗೊತ್ತು, ಬಡಗಿಯ ಅಳತೆಯಲ್ಲಿ ಸೂತ ಎಂದರೆ ಇಂಚಿನ ಎಂಟನೆಯ ಒಂದು ಭಾಗ ಎಂದು ಗೊತ್ತಿರಲಿಲ್ಲ. ಒಂದೂಕಾಲು ಇಂಚು ಎಂದರೆ ಒಂದು ಇಂಚು ಎರಡು ಸೂತ. ನಾನು ಕೊಂಡದ್ದು ಒಂದು ಸೂತ ಕಡಿಮೆ, ಮೂರು ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ಲು ಹೋಯಿತು. ಬಿಲ್ಲಿನ ಕೆಳಗೆ, ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಚ್ಚಾಗಿತ್ತು. ದಸರಾ ರಜೆ ಪೂರ್ತಿ ಜೀಪು ಅಂಗಳದಲ್ಲಿ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಮಾವ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ನಾನೇ ಹಟ ಹಿಡಿದು, ಬಿಚ್ಚಿಟ್ಟ ಪೆಟ್ಟಿಗೆಯನ್ನು ಹಾಗೇ ಗೋಣಿಚೀಲದಲ್ಲಿ ಕಟ್ಟಿ ಮುಂಬೈಗೆ ತರಿಸಿಕೊಂಡೆ. ಇಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ, ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಬಾಲ್ಯದಿಂದ ಜೀಪಿನ ಕೆಲಸವೇ. ಅವರ ಗ್ಯಾರೇಜಿನಲ್ಲಿ ಎರಡು ಭಾನುವಾರ ಮಣೆ ಹಾಕಿಕೊಂಡು ಕೂತೆ. ಇವತ್ತು ನಿಮ್ಮ ಮುಂದೆ ಆಡುತ್ತಿರುವ ಮಾತೆಲ್ಲ ಅಲ್ಲಿ ಕಲಿತದ್ದು, ಆಮೇಲೆ ಹಳೆಯ ಕೈಪಿಡಿಗಳನ್ನು ಓದಿ ತಾಳೆ ನೋಡಿದ್ದು.

ಚಾಚಾ ಪೆಟ್ಟಿಗೆಯನ್ನು ನೋಡಿ ಮೊದಲು ಕೇಳಿದ್ದು, "ಯಾವ ಜೀಪು?" ಎಂದಲ್ಲ. "ಹಿಂದಿನ ಬಾಯಿ ಎಲ್ಲಿದೆ?" ಎಂದು. ನೀವೂ ಹಾಗೇ ಆರಂಭಿಸಿ. ಹಳೆಯ ಜೀಪಿನ ಅಡಿಗೆ ಬಗ್ಗಿ ನೋಡಿ. ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಗಾಡಿಯ ನಡುವಿನಿಂದ ಹೊರಡದೆ ಬಲಕ್ಕೆ ಸರಿದು ಹೊರಟಿದ್ದರೆ, ಹಿಂದಿನ ಆಕ್ಸಲಿನ ಗುಂಡು ಭಾಗವೂ ಬಲಕ್ಕೇ ಇದ್ದರೆ, ಅದು ಸ್ಪೈಸರ್ 18 ಎಂಬ ಮಾದರಿ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ 1941ರಿಂದ ಇದ್ದದ್ದು ಇದೇ. ಅಮೆರಿಕದ ಸಿಜೆ ಜೀಪುಗಳಲ್ಲಿ 1971ರವರೆಗೂ ಇದೇ ನಡೆಯಿತು. ನಮ್ಮ ದೇಶಕ್ಕೆ ಅದು ಬಂದದ್ದು ಇದೇ ಮುಂಬೈಯ ಮೂಲಕ. 1947ರಲ್ಲಿ ಇಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪಿನ ಜೋಡಣೆ ಆರಂಭಿಸಿದರು. ಮಲೆನಾಡಿನ ತೋಟದ ಎಷ್ಟೋ ಜೀಪುಗಳ ಹೊಟ್ಟೆಯಲ್ಲಿರುವುದು ಈ ವಂಶದ ಪೆಟ್ಟಿಗೆಯೇ.

ಹಿಂದಿನ ಶಾಫ್ಟು ನಟ್ಟನಡುವಿನಿಂದ ಹೊರಟಿದ್ದರೆ ಅದು 18 ಅಲ್ಲ. ಅಮೆರಿಕದ ಸಿಜೆಗಳಲ್ಲಿ 1972ರಿಂದ ಡಾನಾ 20 ಬಂತು, 1980ರಿಂದ ಡಾನಾ 300 ಬಂತು. ಹೊರದೇಶದಿಂದ ತಂದ ಹಳೆಯ ಜೀಪನ್ನು ಹವ್ಯಾಸಕ್ಕೆ ಇಟ್ಟುಕೊಂಡವರು ನಿಮ್ಮಲ್ಲಿದ್ದರೆ ಅವರಿಗೆ ಇದು ಬೇಕಾಗಬಹುದು. 20ರಲ್ಲಿ ಲೋ ಅನುಪಾತ 2.03, 300ರಲ್ಲಿ 2.61. ಮತ್ತೊಂದು ವ್ಯತ್ಯಾಸವಿದೆ. 18ರಲ್ಲಿ ಹೈ ಇದ್ದರೂ ಲೋ ಇದ್ದರೂ ಶಕ್ತಿ ಗೇರಿನಿಂದ ಗೇರಿಗೆ ದಾಟಿಯೇ ಹೋಗಬೇಕು. ಆದ್ದರಿಂದ ಅದು ಸದಾ ಸಣ್ಣಗೆ ಗುಂಯ್ ಎನ್ನುತ್ತಿರುತ್ತದೆ. ಅದು ರೋಗವಲ್ಲ, ಸ್ವಭಾವ. ಆ ಸದ್ದು ನಿಲ್ಲಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹದಿನೆಂಟು ಎಂದು ಗೊತ್ತಾಯಿತು, ಮುಗಿಯಿತೇ? ನಾನು ಮುಗ್ಗರಿಸಿದ್ದು ಅಲ್ಲೇ. ಹೊರಗಿನಿಂದ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುವ ಈ ಪೆಟ್ಟಿಗೆಯೊಳಗೆ ಕಾಲಕಾಲಕ್ಕೆ ಮೂರು ದಪ್ಪದ ಶಾಫ್ಟುಗಳು ಬಂದಿವೆ. ಯುದ್ಧಕಾಲದ್ದು ಮುಕ್ಕಾಲು ಇಂಚು, 19 ಮಿಲಿಮೀಟರು. ಅದು ಸಣ್ಣದಾಯಿತು, ಬೇಗ ಸವೆಯುತ್ತದೆ ಎಂದು ಯುದ್ಧ ಮುಗಿದ ಮೇಲೆ ಒಂದು ಇಂಚು ಒಂದು ಸೂತ ಮಾಡಿದರು, 28.6 ಮಿಲಿಮೀಟರು. 1950ರ ದಶಕದ ನಡುವಿನಲ್ಲಿ ಒಂದು ಇಂಚು ಎರಡು ಸೂತ ಬಂತು, 31.75 ಮಿಲಿಮೀಟರು. ಒಂದರ ಗೇರು, ಬೇರಿಂಗು, ವಾಷರು ಇನ್ನೊಂದಕ್ಕೆ ಕೂರುವುದಿಲ್ಲ. ಲೋ ಅನುಪಾತವೂ ಬೇರೆ. ಯುದ್ಧಕಾಲದ್ದು 1.97, ದೊಡ್ಡ ಶಾಫ್ಟಿನವು 2.46ರ ಆಸುಪಾಸು. ಅದಲ್ಲದೆ ಗೇರ್‌ಬಾಕ್ಸಿಗೆ ಅಂಟಿಕೊಳ್ಳುವ ಮುಂದಿನ ತೂತಿನಲ್ಲೂ ಎರಡು ಜಾತಿ. ಒಂದು 4 ಇಂಚಿನದು, ಒಂದು 3 ಇಂಚಿಗೆ ಸ್ವಲ್ಪ ಹೆಚ್ಚಿನದು. ಪೆಟ್ಟಿಗೆಯನ್ನೇ ಪೂರ್ತಿ ಬದಲಿಸುವವರು ಇದನ್ನು ಅಳೆಯದೆ ತಂದರೆ ಗೇರ್‌ಬಾಕ್ಸಿಗೆ ಕೂರದ ಪೆಟ್ಟಿಗೆ ಮನೆಗೆ ಬರುತ್ತದೆ.

ಗಾಡಿಯ ಆರ್.ಸಿ.ಯಲ್ಲಿ ವರ್ಷ ಇದೆಯಲ್ಲ, ಅದನ್ನು ನೋಡಿ ಹೇಳಬಹುದಲ್ಲ ಎಂದು ನಾನು ಚಾಚಾರನ್ನು ಕೇಳಿದೆ. ಅವರು ನಕ್ಕರು. ಆರ್.ಸಿ. ಕಾಗದಕ್ಕೆ, ಪೆಟ್ಟಿಗೆಗೆ ಅಲ್ಲ ಎಂದರು. ನಿಜ. ಹಳೆಯ ಜೀಪಿನ ಕಬ್ಬಿಣ ಎಷ್ಟು ಕೈ ದಾಟಿ ಬಂದಿರುತ್ತದೆ! ಮುಂಬೈಯ ಕುರ್ಲಾ, ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆ, ಪುಣೆಯ ಜುನಾ ಬಜಾರು, ಇಲ್ಲೆಲ್ಲ ಒಂದರ ಒಡಲು, ಇನ್ನೊಂದರ ಕರುಳು. ಜೀಪು ಕಟ್ಟುವುದಕ್ಕೇ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯಿಂದ ಬಂದ ಗಾಡಿಯಾದರಂತೂ ಅದರ ಯಾವ ಭಾಗ ಯಾವ ವರ್ಷದ್ದು ಎಂದು ಬ್ರಹ್ಮನೇ ಹೇಳಬೇಕು. ಎರಕದ ಮೇಲೆ ಮೂಡಿರುವ ಅಂಕಿಯನ್ನು ನಂಬಬಹುದು, ಆದರೆ ಅದು ಹೊರಗಿನ ಪೆಟ್ಟಿಗೆಯ ಮಾತು ಹೇಳುತ್ತದೆ, ಒಳಗಿನದನ್ನಲ್ಲ.

ಅಳೆಯುವುದು ಕಷ್ಟವಲ್ಲ. ಪೆಟ್ಟಿಗೆಯ ಹಿಂದಿನ ಮುಖದಲ್ಲಿ, ನಡುವಿನ ಶಾಫ್ಟಿನ ತುದಿ ಹೊರಗೇ ಕಾಣುತ್ತದೆ. ಅದು ತಿರುಗದ ಹಾಗೆ ಒಂದು ಪುಟ್ಟ ಪಟ್ಟಿ, ಒಂದು ಬೋಲ್ಟು ಹಾಕಿ ಹಿಡಿದಿರುತ್ತಾರೆ. ಆ ಮಣ್ಣು ಜಿಡ್ಡು ಒರೆಸಿ, ವರ್ನಿಯರ್ ಹಿಡಿದರೆ ಆಯಿತು. ಶಾಲೆಯ ಲ್ಯಾಬಿನಲ್ಲಿ ನೋಡಿ ಮರೆತ ಅದೇ ವರ್ನಿಯರ್. ಅನುಪಾತ ನೋಡಬೇಕೆಂದರೆ, ಕೆಳಗಿಳಿಸಿದ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು, ಹೊರಬರುವ ಶಾಫ್ಟಿಗೆ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಲೋ ಹಾಕಿ ಒಳಗಿನ ಗೇರನ್ನು ಕೈಯಲ್ಲಿ ತಿರುಗಿಸಿ. ಗೆರೆ ಒಂದು ಸುತ್ತು ಬರಲು ಇದು ಸುಮಾರು ಎರಡು ಸುತ್ತು ತಿರುಗಿತೋ ಎರಡೂವರೆ ತಿರುಗಿತೋ ಎಣಿಸಿ. ಇದಕ್ಕೆ ಯಾವ ವಿದ್ಯೆಯೂ ಬೇಡ.

ಜಿಪ್ಸಿ ಇರುವವರಿಗೆ ಇಲ್ಲೇ ಎರಡು ಮಾತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಈ ಪೆಟ್ಟಿಗೆ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರಿನ ಮೇಲೆ ತೂಗಿದೆ, ನಡುವೆ ಒಂದು ಗಿಡ್ಡ ಶಾಫ್ಟು. ಗುಡುಗುಟ್ಟುವ ಸದ್ದು ಬಂದರೆ ಮೊದಲು ಆ ರಬ್ಬರು ಹರಿದಿದೆಯೇ ನೋಡಿ, ಪೆಟ್ಟಿಗೆ ಬಿಚ್ಚಲು ಓಡಬೇಡಿ. ಇಲ್ಲೂ ಎರಡು ಜಾತಿ ಇವೆ. 410 ಮಾದರಿಯದ್ದು ಹೈ 1.580, ಲೋ 2.511. 413 ಮಾದರಿಯದ್ದು ಹೈ 1.409, ಲೋ 2.268. ಒಂದರ ಬದಲು ಇನ್ನೊಂದು ಕೂತರೆ ಗಾಡಿ ಓಡುತ್ತದೆ, ಆದರೆ ಅದರ ನಡಿಗೆಯೇ ಬದಲಾಗುತ್ತದೆ. ಹೊಸ ಕಾಲದ ಹಲವು ಗಾಡಿಗಳಲ್ಲಿ ಗೇರಿನ ಬದಲು ಒಳಗೆ ಸರಪಳಿ ಇದೆ. ಅದು ಬೇರೆಯೇ ಸಂಸಾರ, ಇವತ್ತಿನ ಮಾತಿಗೆ ಸೇರಿಸುವುದಿಲ್ಲ.

ಮತ್ತೆ ಮಾವನ ಪೆಟ್ಟಿಗೆಗೆ ಬರೋಣ. ಹ್ಯಾಂಡ್‌ಬ್ರೇಕಿನ ಗುಟ್ಟು ಇಲ್ಲಿದೆ. ಹಳೆಯ ಜೀಪಿನ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ, ಈ ಪೆಟ್ಟಿಗೆಯ ಬೆನ್ನಿನಲ್ಲೇ, ಹಿಂದಿನ ಶಾಫ್ಟು ಹೊರಡುವ ಜಾಗದಲ್ಲಿ ಒಂದು ಡ್ರಮ್ಮಿನಲ್ಲಿದೆ. ಅದರ ಪಕ್ಕದ ಆಯಿಲ್ ಸೀಲು ಸೋರಿದರೆ ಎಣ್ಣೆ ನೇರ ಬ್ರೇಕಿನ ಲೈನರಿಗೇ. ಎಣ್ಣೆ ಕುಡಿದ ಲೈನರು ಏನನ್ನು ಹಿಡಿದೀತು? ಮಾವನ ಜೀಪಿನ ಸೀಲನ್ನು ಆ ವರ್ಷದಲ್ಲೇ ಎರಡು ಸಲ ಬದಲಿಸಿದ್ದರು, ಎರಡು ಸಲವೂ ಮತ್ತೆ ಸೋರಿತು. ಚಾಚಾ ಪೆಟ್ಟಿಗೆಯ ತಲೆಯ ಮೇಲಿದ್ದ ಪುಟ್ಟ ಉಸಿರುಗೊಳವೆಯನ್ನು ಬಿಚ್ಚಿ ಊದಿದರು. ಗಾಳಿ ಹೋಗಲಿಲ್ಲ. ಕೊಡಚಾದ್ರಿಯ ಕೆಂಪು ಮಣ್ಣು ಅದರೊಳಗೆ ಇಟ್ಟಿಗೆಯಾಗಿ ಕೂತಿತ್ತು. ಪೆಟ್ಟಿಗೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಉಸಿರು ಬಿಡಲು ದಾರಿ ಇಲ್ಲದಿದ್ದರೆ ಎಣ್ಣೆಯನ್ನು ಸೀಲಿನಿಂದ ಹೊರಗೆ ನೂಕುತ್ತದೆ. ಒಂದು ತಂತಿಯಿಂದ ಚುಚ್ಚಿ ತೆಗೆಯಬಹುದಾದ ಮಣ್ಣು! ಎರಡನೆಯ ಕಾರಣವನ್ನೂ ತೋರಿಸಿದರು. ಸೀಲು ಉಜ್ಜುವ ಜಾಗದಲ್ಲಿ ಕಬ್ಬಿಣದ ಮೇಲೆ ಉಗುರು ಸಿಕ್ಕುವಷ್ಟು ಗೀರು ಬಿದ್ದಿತ್ತು. ಅಲ್ಲಿ ಯಾವ ಹೊಸ ಸೀಲೂ ನಿಲ್ಲುವುದಿಲ್ಲ. ಆ ಭಾಗವನ್ನು ಬದಲಿಸಬೇಕು, ಇಲ್ಲವೇ ಲೇತಿನವರಲ್ಲಿ ತೆಳು ತೋಳು ತೊಡಿಸಬೇಕು.

ಬಿಚ್ಚುವ ಮೊದಲು ಒಂದು ಎಚ್ಚರ, ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿದ ಕ್ಷಣದಿಂದ ಈ ಜೀಪಿಗೆ ಹ್ಯಾಂಡ್‌ಬ್ರೇಕ್ ಎಂಬುದೇ ಇಲ್ಲ. ಡ್ರಮ್ಮು ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಚಕ್ರ ಸ್ವತಂತ್ರವಾಗುತ್ತದೆ. ಊರಿನಲ್ಲಿ ನಮ್ಮ ಜೀಪು ಎರಡಡಿ ಉರುಳಿ ಹಲಸಿನ ಮರಕ್ಕೆ ತಾಗಿ ನಿಂತಿತ್ತಂತೆ. ಕೆಳಗೆ ಮಲಗಿದ್ದ ಹುಡುಗ ಆಗಷ್ಟೇ ಸ್ಪ್ಯಾನರ್ ತರಲು ಎದ್ದಿದ್ದ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡದೆ ಯಾರೂ ಅಡಿಗೆ ಹೋಗಬಾರದು. ಇದೇ ಸಂದರ್ಭದಲ್ಲಿ ಇನ್ನೊಂದು. ಪೆಟ್ಟಿಗೆಯ ಕೋಲು ನ್ಯೂಟ್ರಲ್ಲಿನಲ್ಲಿದ್ದರೆ, ಗೇರ್‌ಬಾಕ್ಸನ್ನು ಮೊದಲ ಗೇರಿನಲ್ಲಿ ಬಿಟ್ಟು ನಿಲ್ಲಿಸಿದರೂ ಗಾಡಿ ಉರುಳುತ್ತದೆ.

ಇಳಿಸುವ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ, ಅದನ್ನು ನಿಮ್ಮ ಮೆಕ್ಯಾನಿಕ್ ಬಲ್ಲರು. ಎಣ್ಣೆ ಇಳಿಸಬೇಕು, ಎರಡೂ ಶಾಫ್ಟು, ಸ್ಪೀಡೋಮೀಟರ್ ಕೇಬಲ್ಲು, ಬ್ರೇಕಿನ ಕೊಂಡಿ ಬಿಚ್ಚಬೇಕು. ಬೆನ್ನಿನ ಮುಚ್ಚಳ ತೆಗೆದರೆ ಗೇರ್‌ಬಾಕ್ಸಿನಿಂದ ಬಂದ ಶಾಫ್ಟಿನ ತುದಿಯಲ್ಲಿ ಕಿರೀಟದಂಥ ನಟ್ಟು, ಅದಕ್ಕೊಂದು ಪಿನ್ನು. ಆ ನಟ್ಟು ಸಡಿಲವಾಗಿದ್ದರೆ ಅರ್ಧ ಸದ್ದಿಗೆ ಅದೇ ಕಾರಣ. ಒಂದೇ ಒಂದು ಜಾಗದಲ್ಲಿ ಮಾತ್ರ ನೀವು ಪಕ್ಕದಲ್ಲಿ ನಿಂತು ನೋಡಿ: ಪೆಟ್ಟಿಗೆಯನ್ನು ಹಿಂದಕ್ಕೆ ಎಳೆಯುವಾಗ ಗೇರ್‌ಬಾಕ್ಸಿನ ಶಾಫ್ಟೂ ಅದರ ಜೊತೆಗೆ ಎದ್ದು ಬರಬಾರದು. ಬಂದರೆ ಒಳಗಿನ ಚಿಕ್ಕ ತುಣುಕುಗಳು ಕಳಚಿ ಬಿದ್ದು ಗೇರ್‌ಬಾಕ್ಸನ್ನೂ ಬಿಚ್ಚಬೇಕಾಗುತ್ತದೆ. ಒಂದು ಕೆಲಸಕ್ಕೆ ಹೋಗಿ ಎರಡು.

ಪೆಟ್ಟಿಗೆ ಕೆಳಗಿಳಿದ ಮೇಲೆ ತಳದ ತಗಡಿನ ಮುಚ್ಚಳ ತೆಗೆದು ಹಲ್ಲುಗಳನ್ನು ನೋಡಬೇಕು. ಲೋ ಗೇರು ಹಾರುವುದಕ್ಕೆ ಮೂರು ಕಾರಣ ಇರಬಹುದು ಎಂದರು ಚಾಚಾ. ಜಾರಿಕೊಂಡು ಹೋಗಿ ಕೂರುವ ಗೇರಿನ ಹಲ್ಲು ತುದಿಯಲ್ಲಿ ಸವೆದು ಇಳಿಜಾರಾಗಿರುವುದು ಒಂದು. ಕೋಲನ್ನು ಜಾಗದಲ್ಲಿ ಹಿಡಿಯುವ ಗುಂಡು ಮತ್ತು ಸ್ಪ್ರಿಂಗು ಸೋತಿರುವುದು ಇನ್ನೊಂದು. ಮೂರನೆಯದು, ಹೊರಬರುವ ಶಾಫ್ಟೇ ಹಿಂದೆ ಮುಂದೆ ಆಡುತ್ತಿರುವುದು. ಹೊಸ ಗೇರು ಹಾಕಿಸಿ ಮೂರನೆಯದನ್ನು ಬಿಟ್ಟರೆ ಹೊಸ ಗೇರೂ ಹಾರುತ್ತದೆ. ನಮ್ಮದರಲ್ಲಿ ಮೂರೂ ಇದ್ದವು.

ನಡುವಿನ ಶಾಫ್ಟನ್ನು ಹಿಂದಕ್ಕೆ ಬಡಿದು ತೆಗೆಯುವಾಗ ಚಾಚಾ ಹಿತ್ತಾಳೆಯ ತುಂಡನ್ನು ನಡುವೆ ಇಟ್ಟು ಬಡಿದರು. ಗೇರಿನ ಹೊಟ್ಟೆಯಿಂದ ಸೂಜಿ ಬೇರಿಂಗುಗಳು ಮಳೆ ಸುರಿದಂತೆ ಉದುರಿದವು. ಹಳೆಯ ಸೀರೆಯ ತುಂಡೊಂದನ್ನು ಮೊದಲೇ ಹಾಸಿದ್ದರು. ಎಲ್ಲವನ್ನೂ ಎಣಿಸಿ, ಸಂಖ್ಯೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಕೋಲುಗಳ ಸರಳನ್ನು ಎಳೆಯುವಾಗ ಬಾಯಿಗೆ ಬಟ್ಟೆ ಒತ್ತಿಹಿಡಿದರು. ಇಲ್ಲದಿದ್ದರೆ ಸ್ಪ್ರಿಂಗಿನ ಗುಂಡು ಹಾರಿ ಬೀದಿ ಸೇರುತ್ತದೆ. ಎರಡು ಸರಳುಗಳ ನಡುವೆ ಮಾತ್ರೆಯ ಆಕಾರದ ಒಂದು ಕಬ್ಬಿಣದ ತುಣುಕು ಇತ್ತು. ಅದು ಬಿದ್ದದ್ದು ನನಗೆ ಕಾಣಲೇ ಇಲ್ಲ. ಮುಂದಿನ ಚಕ್ರಕ್ಕೆ ಎಳೆತ ಕೊಡದೆ ಲೋ ಹಾಕಲು ಬಿಡದಿರುವುದೇ ಅದರ ಕೆಲಸ. ಅದನ್ನು ಕಸ ಎಂದು ಗುಡಿಸಿ ಹಾಕಿದರೆ, ಲೋ ಗೇರಿನ ಪೂರ್ತಿ ಬಲ ಹಿಂದಿನ ಆಕ್ಸಲೊಂದರ ಮೇಲೇ ಬಿದ್ದು ಅದು ಮುರಿಯಬಹುದು.

ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದರು. ಆಮೇಲೆ ಶಾಫ್ಟು ಕೂರುವ ತೂತಿಗೆ ಬೆರಳು ಹಾಕಿ ತಿರುಗಿಸಿ ನೋಡಿದರು. ಆ ತೂತು ಸವೆದು ಮೊಟ್ಟೆಯಾಕಾರ ಆಗಿದ್ದರೆ ಹೊಸ ಶಾಫ್ಟು ಹಾಕಿಯೂ ಪ್ರಯೋಜನವಿಲ್ಲ, ಲೇತಿಗೆ ಕೊಟ್ಟು ಬುಷ್ ಹಾಕಿಸಬೇಕು. ನಮ್ಮದು ಗುಂಡಾಗಿತ್ತು. ಈ ಸಲ ವರ್ನಿಯರ್ ಹಿಡಿದುಕೊಂಡೇ ನಾವಿಬ್ಬರೂ ಅಂಗಡಿಗೆ ಹೋಗಿ, ಅಂಗಡಿಯವರ ಮುಂದೆಯೇ ಹಳೆಯ ಶಾಫ್ಟು, ಹೊಸ ಶಾಫ್ಟು ಎರಡನ್ನೂ ಅಳೆದು, ಹಳೆಯ ಗೇರಿನ ಹಲ್ಲು ಎಣಿಸಿ, ಹೊಸದರ ಹಲ್ಲು ಎಣಿಸಿ ತಂದೆವು.

ಕೂಡಿಸುವಾಗ ನಾನು ಮೆಚ್ಚಿದ್ದು ಸೂಜಿ ಬೇರಿಂಗಿನ ಕೆಲಸ. ಬಿಡಿ ಸೂಜಿಗಳು, ನಿಲ್ಲುವುದು ಹೇಗೆ? ಶಾಫ್ಟಿನ ದಪ್ಪದ್ದೇ, ಆದರೆ ಗೇರಿನಷ್ಟೇ ಉದ್ದದ ಒಂದು ಗಿಡ್ಡ ಸರಳನ್ನು ಚಾಚಾ ಲೇತಿನಲ್ಲಿ ಮಾಡಿಸಿದ್ದರು. ಗೇರಿನ ಒಳಗೋಡೆಗೆ ದಪ್ಪಗೆ ಗ್ರೀಸು ಸವರಿ, ಸೂಜಿಗಳನ್ನು ಒಂದೊಂದಾಗಿ ಅಂಟಿಸಿ, ನಡುವೆ ಆ ಗಿಡ್ಡ ಸರಳನ್ನು ತೂರಿಸಿದರು. ಎರಡೂ ತುದಿಯ ವಾಷರುಗಳನ್ನೂ ಗ್ರೀಸಿನಿಂದ ಅಂಟಿಸಿ, ಇಡೀ ಗೇರನ್ನು ಪೆಟ್ಟಿಗೆಯೊಳಗೆ ಇಟ್ಟು, ಹಿಂದಿನಿಂದ ನಿಜವಾದ ಶಾಫ್ಟನ್ನು ನೂಕುತ್ತ ಹೋದರೆ, ಗಿಡ್ಡ ಸರಳು ಮುಂದಿನಿಂದ ತಾನಾಗಿ ಹೊರಬಂತು. ಒಂದು ಸೂಜಿಯೂ ಬೀಳಲಿಲ್ಲ. ಸೀಮೆಸುಣ್ಣದ ಅಂಕಿಗೂ ಕೂಡಿಸಿದ್ದಕ್ಕೂ ತಾಳೆಯಾಯಿತು.

ಕೊನೆಯದು ಶಿಮ್ಮು, ಅವಸರದ ಗ್ಯಾರೇಜುಗಳು ಹಾರಿಸುವ ಹಂತ. ಹೊರಬರುವ ಶಾಫ್ಟು ಎರಡು ಓರೆ ಬೇರಿಂಗುಗಳ ನಡುವೆ ಕೂತಿರುತ್ತದೆ. ಹಿಂದಿನ ಮುಚ್ಚಳದ ಅಡಿಯಲ್ಲಿ ಕಾಗದದಂಥ ತೆಳು ಲೋಹದ ಪದರಗಳನ್ನು ಹಾಕಿ ಅದರ ಆಟವನ್ನು ಹದಕ್ಕೆ ತರಬೇಕು. ಇರಬೇಕಾದ ಆಟ ಇಂಚಿನ ಸಾವಿರದ 4ರಿಂದ 8 ಭಾಗ, 0.10ರಿಂದ 0.20 ಮಿಲಿಮೀಟರು. ಹೆಚ್ಚಾದರೆ ಗೇರು ಹಾರುತ್ತದೆ, ಕಡಿಮೆಯಾದರೆ ಬೇರಿಂಗು ಬಿಸಿಯಾಗಿ ಸುಡುತ್ತದೆ. ಚಾಚಾ ಡಯಲ್ ಗೇಜ್ ಇಟ್ಟು ಶಾಫ್ಟನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿದರು, 14 ತೋರಿಸಿತು. ಒಂದು ಪದರ ತೆಗೆದರು, ಮುಚ್ಚಳ ಬಿಗಿದರು, ನೋಡಿದರು. ಮತ್ತೆ ಬಿಚ್ಚಿದರು. ಹೀಗೆ ನಾಲ್ಕು ಸಲ. 6ಕ್ಕೆ ಬಂದಾಗ ಚಹಾ ತರಿಸಿದರು. ನಿಮ್ಮ ಮೆಕ್ಯಾನಿಕ್‌ಗೆ ಬೇರೆ ಏನನ್ನೂ ಹೇಳಬೇಡಿ, "ಆಟ ಎಷ್ಟು ಬಂತು?" ಎಂದು ಮಾತ್ರ ಕೇಳಿ. ಅಂಕಿ ಹೇಳಿದರೆ ಕೆಲಸ ಆಗಿದೆ. "ಎಲ್ಲ ಟೈಟ್ ಮಾಡಿದ್ದೇನೆ ಸಾರ್" ಎಂದರೆ ಆಗಿಲ್ಲ.

ಎಣ್ಣೆ 90 ನಂಬರಿನ ಗೇರ್ ಆಯಿಲ್, ಸುಮಾರು 1.4 ಲೀಟರು, ತುಂಬುವ ತೂತಿನ ಅಂಚಿನವರೆಗೆ. ಈ ಪೆಟ್ಟಿಗೆಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಹರಿದಾಡುವುದುಂಟು. ಹಾಗಾಗಿ ಒಂದರ ಮಟ್ಟ ನೋಡಿದಾಗ ಇನ್ನೊಂದರದ್ದನ್ನೂ ನೋಡಿ. ಬ್ರೇಕಿನ ಎಣ್ಣೆ ಕುಡಿದ ಲೈನರನ್ನು ತೊಳೆದು ಮತ್ತೆ ಹಾಕಲು ಹೋಗಬೇಡಿ, ಹೊಸದು ಹಾಕಿಸಿ.

ಪಟ್ಟಣದಲ್ಲಿ ಜೀಪು ಓಡಿಸುವವರಿಗೊಂದು ಮಾತು. ಡಾಂಬರಿನ ಮೇಲೆ, ಮಳೆ ಇದೆಯೆಂದು, ಮುಂದಿನ ಚಕ್ರದ ಕೋಲು ಹಾಕಿಕೊಂಡು ತಿರುಗಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದಾರಿ ಸವೆಸಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಡಾಂಬರು ಜಾರಲು ಬಿಡುವುದಿಲ್ಲ, ಆ ಜಗಳವೆಲ್ಲ ಪೆಟ್ಟಿಗೆಯೊಳಗೆ ಮುರುಚಿಕೊಂಡು ಕೂರುತ್ತದೆ, ಕೋಲು ಹೊರಗೆ ಬರುವುದೇ ಇಲ್ಲ. ಹಾಗೆ ಸಿಕ್ಕಿಕೊಂಡರೆ ಸುತ್ತಿಗೆ ಹುಡುಕಬೇಡಿ, ನೇರವಾಗಿ ಸ್ವಲ್ಪ ಹಿಂದಕ್ಕೆ ಓಡಿಸಿ, ಸಡಿಲವಾಗುತ್ತದೆ. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಇದ್ದರೂ ಇದೇ ಜಗಳ.

ಪೆಟ್ಟಿಗೆ ಮತ್ತೆ ಗೋಣಿಚೀಲದಲ್ಲಿ ಊರಿಗೆ ಹೋಯಿತು. ಕೂಡಿಸಿದ ಮೇಲೆ ಮಾವ ಜನ ಹತ್ತಿಸಿಕೊಳ್ಳದೆ, ಹತ್ತು ಮೂಟೆ ಮರಳು ಹೇರಿಕೊಂಡು ಒಬ್ಬರೇ ಬೆಟ್ಟ ಹತ್ತಿ ಇಳಿದರು. ಅದೇ ಕಲ್ಲಿನ ಹತ್ತಿರ ಬೇಕೆಂದೇ ಚಕ್ರ ಧಡಕ್ಕೆನಿಸಿದರಂತೆ. ಕೋಲು ಅಲ್ಲಾಡಲಿಲ್ಲ. ಅಲ್ಲೇ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಗಾಡಿಯ ಹಿಂದೆ ಕಲ್ಲೂ ಇಡದೆ ಒಂದು ಎಲೆ ಅಡಿಕೆ ಹಾಕಿಕೊಂಡು ನನಗೆ ಫೋನು ಮಾಡಿದರು. ಅಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಅರ್ಧ ಮಾತು ಕೇಳಿಸಿತು, ಅರ್ಧ ಗಾಳಿ.

ಪುಣೆಯ ಕೇಳುಗರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು: ಮೊದಲು ಊರಿಗೆ ಒಂದು ವರ್ನಿಯರ್ ಕಳಿಸಿ, ಅಂಗಡಿಗೆ ಆಮೇಲೆ ಹೋಗಿ. ಅಳತೆ 28.6 ಮಿಲಿಮೀಟರು ಬಂದರೆ ನನಗೆ ಖಂಡಿತ ಬರೆಯಿರಿ. ಒಂದು ಇಂಚು ಒಂದು ಸೂತದ ಹೊಸ ಶಾಫ್ಟು, ಅದರ ಗೇರು, ಸೂಜಿಗಳು, ವಾಷರುಗಳು, ಎಲ್ಲ ಎಣ್ಣೆ ಕಾಗದದಲ್ಲಿ ಸುತ್ತಿ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಹಾಗೇ ಇವೆ. ಕೊಂಡ ಬೆಲೆ ಕೇಳುವುದಿಲ್ಲ.